‘ಪ್ಲೇ ಇಟ್ ಬೈ ಇಯರ್’ ಎಲ್ಲಿ ಬರೆಯಬಹುದು, ಎಲ್ಲಿ ಬರೆಯಬಾರದು?

ಬೈಕಂಪಾಡಿ ಗುಮಾಸ್ತ ಕೇಳಿದ್ದು:

ನಮಸ್ಕಾರ. ಇಂಗ್ಲಿಷ್ ಪತ್ರವ್ಯವಹಾರ ಚೆನ್ನಾಗಿ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಬೇಕು.

ಗೇರುಬೀಜದ ಆಫೀಸಿನಿಂದ ದಿನಾ ಮೂರು ಥರದ ಬರಹ ಹೋಗುತ್ತದೆ. ಒಳಗಿನವರಿಗೆ ವಾಟ್ಸ್ಯಾಪ್ ಮೆಸೇಜ್, ಊರಿನ ಕೇಟರಿಂಗ್‌, ಲಾರಿ, ಪ್ರಿಂಟಿಂಗ್‌ನವರಿಗೆ ಇಮೇಲ್, ಹೊರದೇಶದ ಖರೀದಿದಾರರಿಗೆ ಪತ್ರ. ಈಗ ಮೂರರಲ್ಲೂ ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’ (ಮೊದಲೇ ತೀರ್ಮಾನಿಸದೆ ಆಗ ನೋಡುವ ಎನ್ನುವ ಇಂಗ್ಲಿಷ್ ನುಡಿಗಟ್ಟು) ಕಾಣಿಸಿಕೊಳ್ಳುತ್ತಿದೆ. ಒಂದು ಮಾದರಿ ನೋಡಿ:

‘ಶಿಪ್‌ಮೆಂಟ್ ಡೇಟ್ ಈಸ್ ನಾಟ್ ಫಿಕ್ಸ್ಡ್. ವಿ ವಿಲ್ ಪ್ಲೇ ಬೈ ಇಯರ್ ಆಂಡ್ ಇನ್‌ಫಾರ್ಮ್ ಯು ಆ್ಯಸ್ ಸೂನ್ ಆ್ಯಸ್ ಪಾಸಿಬಲ್.’

ನನಗೆ ತಿಳಿಯಬೇಕಾದದ್ದು ಇಷ್ಟು. ‘ಇಟ್’ ಬಿಟ್ಟರೆ ತಪ್ಪಾ? ‘ಬೈ ದಿ ಇಯರ್’, ‘ಬೈ ಇಯರ್ಸ್’ ಅಂತಲೂ ಬರೆಯುತ್ತಾರೆ, ಅದು ಸರಿಯಾ? ‘ಲೀವೇ’, ‘ವಿಗಲ್ ರೂಮ್’, ‘ಸ್ಲ್ಯಾಕ್’, ‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’ ಇವೆಲ್ಲ ಒಂದರ ಬದಲು ಇನ್ನೊಂದು ಹಾಕುವಂಥವಾ? ಬ್ಯಾಂಕಿಗೂ ಖರೀದಿದಾರರಿಗೂ ಹೋಗುವ ಕಾಗದದಲ್ಲಿ ‘ದಿನ ಇನ್ನೂ ಗಟ್ಟಿ ಇಲ್ಲ’ ಅನ್ನುವುದನ್ನು ಹೇಗೆ ಬರೆಯಬೇಕು? ಕನ್ನಡದಲ್ಲೇ ಬರೆಯುವಾಗ ಇದರ ಜಾಗಕ್ಕೆ ಏನು ಬರುತ್ತದೆ?

ಕೊಡಿಯಾಲಬೈಲು ವ್ಯಾಕರಣ ಬರೆದದ್ದು:

ಮೊದಲು ರೂಪ. ‘ಇಟ್’ ಬಿಡಬೇಡಿ. ‘ಶಿ ಪ್ಲೇಸ್ ಬೈ ಇಯರ್’ ಅಂದರೆ ಆಕೆ ಸ್ವರಲಿಪಿ ನೋಡದೆ, ಕೇಳಿದ್ದನ್ನು ಹಾಗೇ ವಾದ್ಯದಲ್ಲಿ ನುಡಿಸುತ್ತಾಳೆ ಎಂದು. ಅದು ಸಂಗೀತದ ಮೂಲ ಅರ್ಥ. ‘ಮೊದಲೇ ತೀರ್ಮಾನಿಸದೆ ಸಂದರ್ಭ ನೋಡಿ ನಡೆಯುವುದು’ ಎಂಬ ಅರ್ಥ ಇದರ ಮೇಲೆ ಬೆಳೆದದ್ದು 20ನೇ ಶತಮಾನದ ಅಮೆರಿಕದಲ್ಲಿ. ಆ ಅರ್ಥಕ್ಕೆ ‘ಇಟ್’ ಅಥವಾ ‘ಥಿಂಗ್ಸ್’ ಬೇಕು: ‘ಪ್ಲೇ ಇಟ್ ಬೈ ಇಯರ್’, ‘ಪ್ಲೇ ಥಿಂಗ್ಸ್ ಬೈ ಇಯರ್’. ನಿಮ್ಮ ಮಾದರಿಯಲ್ಲಿರುವ ‘ವಿ ವಿಲ್ ಪ್ಲೇ ಬೈ ಇಯರ್’ ಓದಿದರೆ ನೀವು ಯಾವುದೋ ವಾದ್ಯ ನುಡಿಸುತ್ತೀರಿ ಎಂದಾಗುತ್ತದೆ.

‘ಇಯರ್’ ಹಿಂದೆ ‘ದಿ’ ಬೇಡ, ಕೊನೆಗೆ ‘ಎಸ್’ ಬೇಡ. ಕಾಲ ಬದಲಾಗುವುದು ‘ಪ್ಲೇ’ಯಲ್ಲಿ ಮಾತ್ರ: ‘ವಿ ಪ್ಲೇಡ್ ಇಟ್ ಬೈ ಇಯರ್’, ‘ವಿ ಆರ್ ಪ್ಲೇಯಿಂಗ್ ಇಟ್ ಬೈ ಇಯರ್’. ‘ಇಟ್ ವಿಲ್ ಬಿ ಪ್ಲೇಡ್ ಬೈ ಇಯರ್’ ಎಂಬ ಕರ್ಮಣಿ ರೂಪ ಕಿವಿಗೆ ಒರಟು, ಬೇಡವೇ ಬೇಡ. ಯಾವ ವಿಷಯಕ್ಕೆ ಎಂದು ಹೇಳಬೇಕಿದ್ದರೆ ಅದನ್ನು ಮುಂದೆ ತನ್ನಿ: ‘ಫಾರ್ ದಿ ಸೀಟಿಂಗ್, ವಿ’ಲ್ ಪ್ಲೇ ಇಟ್ ಬೈ ಇಯರ್.’

ನಮ್ಮ ಕಡೆ ಬಹಳ ಜನ ಮಾಡುವ ಇನ್ನೊಂದು ತಪ್ಪು ಸ್ಪೆಲಿಂಗ್‌ನದು. ಕಿವಿ ಎಂಬ ಅರ್ಥದ ಪದದ ಮೊದಲಿಗೆ ‘ವೈ’ ಅಕ್ಷರ ಸೇರಿ ‘ವರ್ಷ’ ಆಗಿಬಿಡುತ್ತದೆ. ನಮ್ಮ ನಾಲಿಗೆಯಲ್ಲಿ ಎರಡರ ಉಚ್ಚಾರವೂ ಒಂದೇ, ಹಾಗಾಗಿ ಬರೆದವರಿಗೆ ಗೊತ್ತಾಗುವುದಿಲ್ಲ. ಎರಡೂ ನಿಜವಾದ ಪದಗಳೇ ಆದ್ದರಿಂದ ಕಂಪ್ಯೂಟರಿನ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ. ಇಂಗ್ಲಿಷ್ ಮಾತೃಭಾಷೆಯವರೂ ಈ ತಪ್ಪು ಮಾಡುತ್ತಾರೆ, ಆದರೆ ವ್ಯವಹಾರದ ಪತ್ರದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಕಳಿಸುವ ಮೊದಲು ಆ ಒಂದು ಪದ ಮತ್ತೊಮ್ಮೆ ನೋಡಿ.

ಇನ್ನು ಎಲ್ಲಿ ಹಾಕಬಹುದು ಎಂಬುದು. ನಾನು ಮೂರು ವಿಷಯ ಒಟ್ಟಿಗೆ ಇದ್ದರೆ ಮಾತ್ರ ಹಾಕಿ ಎನ್ನುತ್ತೇನೆ. ತೀರ್ಮಾನಕ್ಕೆ ಬೇಕಾದ ಮಾಹಿತಿ ಇನ್ನೂ ಬರಬೇಕಿರಬೇಕು. ಕಾಯುವುದರಿಂದ ಎದುರಿನವರಿಗೆ ದುಡ್ಡಿನ ನಷ್ಟ ಇರಬಾರದು. ತೀರ್ಮಾನ ಮಾಡುವಾಗ ಇಬ್ಬರೂ ಒಂದೇ ಕಡೆ ಇರಬೇಕು, ಕಡೇಪಕ್ಷ ಒಂದು ಫೋನಿಗೆ ಸಿಗಬೇಕು. ‘ಮೀಟಿಂಗ್ ಎಷ್ಟು ಹೊತ್ತು ಆಗ್ತದೋ, ಊಟ ಹೊರಗೆ ಮಾಡುವುದಾ ಒಳಗಾ, ಆಗ ನೋಡುವ’ ಎನ್ನುವಂಥ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಕೊಟೇಶನ್, ಟೆಂಡರ್, ನೋಟಿಸು, ಸಭೆಯ ನಡಾವಳಿ, ನೇಮಕಾತಿ ಪತ್ರ ಇವುಗಳಲ್ಲಿ ಈ ಮೂರರಲ್ಲಿ ಕಡೇಪಕ್ಷ ಒಂದಾದರೂ ತಪ್ಪಿರುತ್ತದೆ. ಆದ್ದರಿಂದ ಅಲ್ಲಿ ಸಲ್ಲದು. ಮಾತಿನ ಸಲುಗೆಯ ನುಡಿಗಟ್ಟು ಇದು, ಮೊದಲ ಸಲ ಬರೆಯುವವರಿಗೂ ಹಾಕುವುದಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇದಕ್ಕೆ ‘ತಯಾರಿ ಇಲ್ಲದೆ’ ಎಂಬ ಅರ್ಥ ಇಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಯಾವ ಪಾತ್ರ ಯಾರದ್ದೆಂದೂ ಗೊತ್ತಿರುತ್ತದೆ, ಅರ್ಥ (ಪಾತ್ರಧಾರಿ ಆಡುವ ಮಾತು) ಮಾತ್ರ ಸ್ಥಳದಲ್ಲೇ ಹುಟ್ಟುತ್ತದೆ. ಎದುರಿನವರು ಏನು ಕೇಳಿದರೋ ಅದಕ್ಕೆ ತಕ್ಕ ಉತ್ತರ. ಆ ಸ್ವಾತಂತ್ರ್ಯಕ್ಕೂ ಗಡಿ ಉಂಟು, ಭಾಗವತರು ಮುಂದಿನ ಪದ್ಯ ಎತ್ತಿದರೆ ಮಾತು ಅಲ್ಲಿಗೆ ನಿಲ್ಲಬೇಕು. ಬರಹದಲ್ಲೂ ಹಾಗೇ, ಯಾವುದು ಗಟ್ಟಿ, ಯಾವುದು ಸಡಿಲ, ಸಡಿಲ ಎಲ್ಲಿಯವರೆಗೆ ಎಂದು ಬರೆದಾಗಲೇ ಈ ನುಡಿಗಟ್ಟಿಗೆ ಬೆಲೆ. ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’ ಎಂದು ನಿಲ್ಲಿಸುವ ಬದಲು ‘ಲೆಟ್ಸ್ ಪ್ಲೇ ಇಟ್ ಬೈ ಇಯರ್ ಆಂಡ್ ಡಿಸೈಡ್ ಬೈ ಫ್ರೈಡೇ ನೂನ್’ ಎಂದು ಬರೆಯಿರಿ. ಐದು ಪದ ಹೆಚ್ಚಾಯಿತು, ಆದರೆ ಶುಕ್ರವಾರ ಮಧ್ಯಾಹ್ನದವರೆಗೆ ಯಾರೂ ಫೋನ್ ಮಾಡಿ ಕೇಳಬೇಕಾಗಿಲ್ಲ.

ಪಣಂಬೂರು ದಾಖಲೆ ಬರೆದದ್ದು:

ಮೇಲಿನವರು ವ್ಯಾಕರಣ ಸರಿಯಾಗಿ ಹೇಳಿದ್ದಾರೆ. ಖರೀದಿದಾರ, ಬ್ಯಾಂಕು ಇವರ ವಿಷಯ ನಾನು ಹೇಳ್ತೇನೆ. ಎಕ್ಸ್‌ಪೋರ್ಟ್ ಕಾಗದದಲ್ಲಿ ಸಡಿಲ ಮಾತಿಗೆ ಎರಡೇ ಗತಿ. ಒಂದೋ ಅದಕ್ಕೆ ಅಂಕಿಸಂಖ್ಯೆಯ ಅರ್ಥ ಮೊದಲೇ ಗೊತ್ತುಮಾಡಿ ಇಟ್ಟಿರ್ತಾರೆ, ಇಲ್ಲವೋ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಖರೀದಿದಾರರ ಪರವಾಗಿ ಬ್ಯಾಂಕು ಕೊಡುವ ಪಾವತಿಯ ಭರವಸೆ ಪತ್ರ) ಮೂಲಕ ವ್ಯಾಪಾರ ಆದರೆ ಸಾಮಾನ್ಯವಾಗಿ ಅದು ಯುಸಿಪಿ 600 ನಿಯಮಗಳಿಗೆ ಒಳಪಟ್ಟಿರ್ತದೆ. ಇಂಟರ್‌ನ್ಯಾಶನಲ್ ಚೇಂಬರ್ ಆಫ್ ಕಾಮರ್ಸ್ ಮಾಡಿದ ನಿಯಮ, 2007ರ ಜುಲೈ 1ರಿಂದ ಜಾರಿಯಲ್ಲಿ ಉಂಟು. ಅದರ 3 ಮತ್ತು 30ನೇ ಕಲಮುಗಳನ್ನು ಪತ್ರ ಬರೆಯುವವರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

‘ಆನ್ ಆರ್ ಅಬೌಟ್ 15 ಜೂನ್’ ಅಂದರೆ ಸುಮ್ಮನೆ ‘15ರ ಸುಮಾರಿಗೆ’ ಅಲ್ಲ. ಐದು ದಿನ ಹಿಂದೆ, ಐದು ದಿನ ಮುಂದೆ, ಎರಡು ತುದಿಯೂ ಸೇರಿ. ಅಂದರೆ ಜೂನ್ 10ರಿಂದ 20ರವರೆಗೆ, 11 ದಿನ. 21ಕ್ಕೆ ಹಡಗು ಹತ್ತಿದರೆ ಅದು ಡಿಸ್ಕ್ರೆಪೆನ್ಸಿ, ಅಂದರೆ ಕರಾರಿಗೆ ಹೊಂದದ ಲೋಪ. ‘ಬಿಗಿನಿಂಗ್ ಆಫ್ ಜೂನ್’ ಅಂದರೆ 1ರಿಂದ 10, ‘ಮಿಡಲ್’ 11ರಿಂದ 20, ‘ಎಂಡ್’ 21ರಿಂದ ತಿಂಗಳ ಕೊನೆ. ‘ಫಸ್ಟ್ ಹಾಫ್’ 1ರಿಂದ 15, ‘ಸೆಕೆಂಡ್ ಹಾಫ್’ 16ರಿಂದ ಕೊನೆಯವರೆಗೆ. ಶಿಪ್‌ಮೆಂಟ್ ಅವಧಿ ಹೇಳುವಾಗ ‘ಫ್ರಮ್’, ‘ಟು’, ‘ಅಂಟಿಲ್’, ‘ಬಿಟ್ವೀನ್’ ಬಂದರೆ ಬರೆದ ದಿನವೂ ಸೇರ್ತದೆ. ‘ಬಿಫೋರ್’, ‘ಆಫ್ಟರ್’ ಬಂದರೆ ಸೇರುವುದಿಲ್ಲ.

ನಿಮ್ಮ ಮಾದರಿಯಲ್ಲಿ ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಉಂಟಲ್ಲ, ಅದರ ಬಗ್ಗೆ 3ನೇ ಕಲಮು ಸ್ಪಷ್ಟ ಹೇಳ್ತದೆ. ‘ಪ್ರಾಂಪ್ಟ್’, ‘ಇಮ್ಮೀಡಿಯೆಟ್ಲಿ’, ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್’ ಇಂಥ ಪದಗಳು ಯಾವುದಾದರೂ ದಾಖಲೆಯಲ್ಲಿ ಬರಲೇಬೇಕೆಂದು ಕೇಳಿರದಿದ್ದರೆ ಅವನ್ನು ಗಣಿಸುವುದಿಲ್ಲ. ಎಲ್‌ಸಿಯಲ್ಲಿ ಆ ಪದ ಇದ್ದೂ ಇಲ್ಲದ ಹಾಗೆ.

ಪ್ರಮಾಣಕ್ಕೆ ಬರುವ. ‘ಅಬೌಟ್’ ಅಥವಾ ‘ಅಪ್ರಾಕ್ಸಿಮೆಟ್ಲಿ’ ಹಾಕಿದರೆ ಶೇ. 10 ಹೆಚ್ಚು ಅಥವಾ ಶೇ. 10 ಕಡಿಮೆ. ಗೇರುಬೀಜದ ತಿರುಳಿನ ಲೆಕ್ಕದಲ್ಲೇ ನೋಡಿ. ಒಂದು ಕಾರ್ಟನ್ 50 ಪೌಂಡ್, ಅಂದರೆ 22.68 ಕೆಜಿ. 700 ಕಾರ್ಟನ್ ಅಂದರೆ 15,876 ಕೆಜಿ.

ಎಲ್‌ಸಿಯಲ್ಲಿ ‘ಅಬೌಟ್ 700 ಕಾರ್ಟನ್ಸ್’ ಅಂತ ಇದ್ದರೆ 630ರಿಂದ 770ರವರೆಗೆ ಕಳಿಸಬಹುದು. ಬರೇ ‘700 ಕಾರ್ಟನ್ಸ್’ ಇದ್ದರೆ 700ಕ್ಕೆ 700. ಒಂದು ಒದ್ದೆಯಾಯಿತು, 699 ಕಳಿಸುವ ಅಂದರೆ ನಡೆಯುವುದಿಲ್ಲ. ಯಾಕೆಂದರೆ ಶೇ. 5 ಹೆಚ್ಚುಕಡಿಮೆ ಕಳಿಸಬಹುದಾದ ಸಹಜ ರಿಯಾಯಿತಿ ಡಬ್ಬಿ, ಪೆಟ್ಟಿಗೆ, ಬಿಡಿ ವಸ್ತು ಇವುಗಳ ಎಣಿಕೆಯಲ್ಲಿ ಹೇಳಿದ ಪ್ರಮಾಣಕ್ಕೆ ಸಿಗುವುದಿಲ್ಲ. ಅದೇ ಮಾಲನ್ನು ‘15,876 ಕೆಜಿ’ ಅಂತ ತೂಕದಲ್ಲಿ ಹೇಳಿದ್ದರೆ ಶೇ. 5 ಆಚೀಚೆ ಸಿಗ್ತದೆ, ಸುಮಾರು 794 ಕೆಜಿ. ಒಂದೇ ಮಾಲು, ಬರೆಯುವ ಕ್ರಮದಲ್ಲಿ ಇಷ್ಟು ವ್ಯತ್ಯಾಸ ಮಾರಾಯ್ರೆ.

ಇಲ್ಲೊಂದು ಗುಂಡಿ ಉಂಟು, ತುಂಬ ಜನ ಬೀಳ್ತಾರೆ. ‘ಅಬೌಟ್’ ಯಾವ ಅಂಕಿಯ ಪಕ್ಕದಲ್ಲಿ ಉಂಟೋ ಆ ಅಂಕಿಗೆ ಮಾತ್ರ ಅನ್ವಯ. ಪ್ರಮಾಣದ ಹತ್ತಿರ ಹಾಕಿ ಮೊತ್ತದ ಹತ್ತಿರ ಹಾಕದಿದ್ದರೆ, 770 ಕಾರ್ಟನ್ ಕಳಿಸಿದರೂ ಎಲ್‌ಸಿಯ ಮೊತ್ತಕ್ಕಿಂತ ಒಂದು ಡಾಲರ್ ಹೆಚ್ಚಿಗೆ ಕೇಳ್ಲಿಕ್ಕಾಗುವುದಿಲ್ಲ. ತೂಕದ ಶೇ. 5ರ ರಿಯಾಯಿತಿಗೂ ಇದೇ ಕಟ್ಟು. ಪ್ರಮಾಣ, ಮೊತ್ತ, ದರ ಮೂರರಲ್ಲಿ ಯಾವುದಕ್ಕೆ ಸಡಿಲ ಬೇಕೋ ಅಲ್ಲೆಲ್ಲ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಎಲ್‌ಸಿ ಇಲ್ಲದ ನೇರ ಕರಾರಿಗೆ ಈ ಅರ್ಥಗಳು ತಾವಾಗಿ ಬಂದು ಕೂಡುವುದಿಲ್ಲ, ನೀವೇ ಬರೆಯಬೇಕು: ‘ಪ್ಲಸ್ ಆರ್ ಮೈನಸ್ 5 ಪರ್ಸೆಂಟ್ ಆ್ಯಟ್ ಸೆಲ್ಲರ್ಸ್ ಆಪ್ಶನ್’. ಕೊನೆಯ ಮೂರು ಪದ ಬಿಟ್ಟರೆ ಹೆಚ್ಚುಕಡಿಮೆ ಮಾಡುವ ಹಕ್ಕು ಯಾರದ್ದೆಂದು ಜಗಳ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳ್ತದೆ. 1872ರ ಕರಾರು ಕಾಯ್ದೆಯ 29ನೇ ಕಲಮಿನ ಪ್ರಕಾರ, ಅರ್ಥ ನಿಶ್ಚಿತವಲ್ಲದ, ನಿಶ್ಚಿತ ಮಾಡಲಿಕ್ಕೂ ಬಾರದ ಒಪ್ಪಂದ ಶೂನ್ಯ. ಕಾಯ್ದೆಯಲ್ಲೇ ಕೊಟ್ಟ ಉದಾಹರಣೆ: ಒಬ್ಬ ಇನ್ನೊಬ್ಬನಿಗೆ ‘ನೂರು ಟನ್ ಎಣ್ಣೆ’ ಮಾರ್ತೇನೆ ಅಂತ ಒಪ್ಪಿದ, ಯಾವ ಎಣ್ಣೆ ಅಂತ ತಿಳಿಯುವ ದಾರಿ ಇಲ್ಲ, ಹಾಗಾಗಿ ಒಪ್ಪಂದ ಇಲ್ಲ. ‘ದಿನ ಆಮೇಲೆ ನೋಡುವ’ ಅಂದ ಮಾತ್ರಕ್ಕೆ ಎಲ್ಲ ಒಪ್ಪಂದ ಬಿದ್ದುಹೋಗುವುದಿಲ್ಲ. 46ನೇ ಕಲಮು ‘ಸಮಂಜಸ ಸಮಯ’ ಅಂತ ಹಿಡಿಯುತ್ತದೆ. ಆದರೆ ಸಮಂಜಸ ಅಂದರೆ ಎಷ್ಟು ಅನ್ನುವುದನ್ನು ಆಮೇಲೆ ಬೇರೆಯವರು ತೀರ್ಮಾನ ಮಾಡ್ತಾರೆ, ನೀವಲ್ಲ.

ಹಾಗೇ 55ನೇ ಕಲಮನ್ನೂ ನೋಡಿ. ಸಮಯವೇ ಮುಖ್ಯ ಅಂತ ಮಾಡಿಕೊಂಡ ಕರಾರಿನಲ್ಲಿ ತಡವಾಗಿ ಬಂದ ಮಾಲನ್ನು ನೀವು ಒಪ್ಪಿಕೊಂಡರೆ, ಒಪ್ಪಿಕೊಳ್ಳುವ ಹೊತ್ತಿಗೇ ‘ಪರಿಹಾರ ಕೇಳುವ ಹಕ್ಕು ಬಿಟ್ಟಿಲ್ಲ’ ಅಂತ ನೋಟಿಸು ಕೊಡದಿದ್ದರೆ ಆಮೇಲೆ ಪರಿಹಾರ ಇಲ್ಲ. ಉದಾರ ಮನಸ್ಸಿನಿಂದ ‘ನೋ ಪ್ರಾಬ್ಲಮ್, ವಿ ಆರ್ ಫ್ಲೆಕ್ಸಿಬಲ್’ ಅಂತ ಒಂದು ಸಾಲು ಮೇಲ್ ಹಾಕುವ ಮೊದಲು ಇದು ನೆನಪಿರಲಿ.

ಮಲ್ಪೆ ಗಾಳಿ ಬರೆದದ್ದು:

‘ಲೀವೇ’, ‘ವಿಗಲ್ ರೂಮ್’ ಕುರಿತ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ಅಲ್ಲ, ಇವು ಅದಲುಬದಲು ಮಾಡುವಂಥವಲ್ಲ. ಯಾರು ಯಾರಿಗೆ ಬಿಟ್ಟುಕೊಡುತ್ತಾರೆ ಎಂಬುದು ಒಂದೊಂದರಲ್ಲಿ ಬೇರೆ.

‘ಲೀವೇ’ ಹಡಗಿನವರ ಪದ. ಗಾಳಿ ತಳ್ಳಿದಾಗ ದೋಣಿ ತನ್ನ ಮೂತಿಯ ದಿಕ್ಕಿಗೆ ನೇರ ಹೋಗದೆ ಪಕ್ಕಕ್ಕೆ ಸರಿಯುವುದಕ್ಕೆ ಆ ಹೆಸರು. ಮಲ್ಪೆಯಿಂದ ಉತ್ತರಕ್ಕೆ ಹೊರಟ ದೋಣಿಗೆ ಪಶ್ಚಿಮದ ಗಾಳಿ ಬಡಿದರೆ ಅದು ದಡದ ಕಡೆ, ಪೂರ್ವಕ್ಕೆ, ಸರಿಯುತ್ತದೆ. ಆ ಸರಿತವನ್ನು ಲೆಕ್ಕ ಹಾಕಿಯೇ ಮೂತಿಯನ್ನು ಸ್ವಲ್ಪ ಪಶ್ಚಿಮಕ್ಕೆ ಹಿಡಿಯಬೇಕು. ಆಚೀಚೆ ಸರಿಯಲು ಇರುವ ಅವಕಾಶ ಎಂಬ ಈಗಿನ ಅರ್ಥ ಅದರಿಂದ ಬಂದದ್ದು. ಔಪಚಾರಿಕ ಪತ್ರಕ್ಕೆ ಧೈರ್ಯವಾಗಿ ಹಾಕಬಹುದು. ಎಣಿಸುವ ಪದ ಅಲ್ಲ, ‘ಎ ಲೀವೇ’ ಅಥವಾ ‘ಲೀವೇಸ್’ ಬೇಡ. ‘ಸಮ್ ಲೀವೇ’, ‘ಎ ಲಿಟಲ್ ಲೀವೇ’ ಸರಿ. ಜೊತೆಗೆ ಬರುವ ಕ್ರಿಯಾಪದ ‘ಗಿವ್’, ‘ಅಲೋ’, ‘ಹ್ಯಾವ್’. ಒಟ್ಟಿಗೆ ಒಂದೇ ಪದವಾಗಿ ಬರೆಯಬೇಕು, ನಡುವೆ ಜಾಗ ಬಿಡಬಾರದು. ಕೇಳುವಾಗ ಎಷ್ಟು ಎಂದು ಹೇಳಿ: ‘ಕುಡ್ ಯು ಅಲೋ ಅಸ್ ಟು ಡೇಸ್’ ಲೀವೇ ಆನ್ ಡೆಲಿವರಿ?’

‘ವಿಗಲ್ ರೂಮ್’ ಅಮೆರಿಕದ ಆಡುಮಾತು, ಬ್ರಿಟಿಷರು ‘ರಿಗಲ್ ರೂಮ್’ ಎನ್ನುವುದೂ ಉಂಟು. ಚೌಕಾಸಿಯಲ್ಲಿ ಉಳಿದಿರುವ ಸಣ್ಣ ಎಡೆ. ನಿಮ್ಮ ಕಡೆಯವರೊಳಗೆ ಮಾತ್ರ ಇದನ್ನು ಬರೆಯಿರಿ. ದರ ಕೇಳಿದವರಿಗೆ ‘ದೇರ್ ಈಸ್ ಸಮ್ ವಿಗಲ್ ರೂಮ್’ ಎಂದು ಬರೆದರೆ, ಹೇಳಿದ ದರ ನಿಜವಾದ ದರ ಅಲ್ಲ ಎಂದು ನೀವೇ ಒಪ್ಪಿಕೊಂಡ ಹಾಗೆ.

‘ಕಟ್ ಮಿ ಸಮ್ ಸ್ಲ್ಯಾಕ್’ ಗೆಳೆಯರ ನಡುವೆ ಸರಿ, ಮೇಲಧಿಕಾರಿಗೆ ಬರೆದರೆ ಉದ್ಧಟತನ. ಬೇರೆಯವರ ಪರವಾಗಿ ಹೇಳುವಾಗ ಚಂದ ಕೇಳುತ್ತದೆ: ‘ಹಿ ಈಸ್ ನ್ಯೂ, ಪ್ಲೀಸ್ ಕಟ್ ಹಿಮ್ ಸಮ್ ಸ್ಲ್ಯಾಕ್.’

‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’ ಸಡಿಲಿಕೆಯ ಮಾತೇ ಅಲ್ಲ. ಒಬ್ಬರಿಗಾಗಿ ತನ್ನ ಮಿತಿ ಮೀರಿ ಶ್ರಮಪಡುವುದು ಅದರ ಅರ್ಥ. ಮುಂದೆ ‘ಟು’ ಮತ್ತು ಕ್ರಿಯಾಪದ ಬರುತ್ತದೆ, ಭೂತಕಾಲ ‘ಬೆಂಟ್’, ‘ಬೆಂಡೆಡ್’ ಅಲ್ಲ. ಎದುರಿನವರಿಗೆ ಕೃತಜ್ಞತೆ ಹೇಳಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ: ‘ಯುವರ್ ಟೀಮ್ ಬೆಂಟ್ ಓವರ್ ಬ್ಯಾಕ್‌ವರ್ಡ್ಸ್ ಟು ಹೆಲ್ಪ್ ಅಸ್.’ ಅದನ್ನೇ ತಮ್ಮ ಬಗ್ಗೆ ಬರೆದರೆ ಉಪಕಾರ ಎತ್ತಿ ಆಡಿದ ಹಾಗೆ ಆಗುತ್ತದೆ. ದೂರಿನ ಪತ್ರದಲ್ಲಂತೂ ಬಿಟ್ಟುಬಿಡಿ, ಮಾಡಿದ ಕೆಲಸದ ಪಟ್ಟಿ ಕೊಡಿ ಸಾಕು.

ರಥಬೀದಿ ಓದುಗ ಬರೆದದ್ದು:

ಕನ್ನಡದ ಬಗ್ಗೆ ಕೇಳಿದ್ದೀರಿ. ಇಂಗ್ಲಿಷ್ ನುಡಿಗಟ್ಟಿನ ಜಾಗಕ್ಕೆ ಇನ್ನೊಂದು ನುಡಿಗಟ್ಟು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಕನ್ನಡದಲ್ಲಿ ‘ಆಗ ನೋಡುವ’, ತುಳುವಿನಲ್ಲಿ ‘ಅಪಗ ತೂಕ’. ದಿನಾ ಬಾಯಲ್ಲಿ ಇರುವುದೇ. ಆದರೆ ಮಾತಿನಲ್ಲಿ ಸರಿಹೋಗುವ ‘ನೋಡುವ’ ಬರಹದಲ್ಲಿ ಕೈಕೊಡುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆ ಬಾಯಿಬಿಟ್ಟು ‘ಇಲ್ಲ’ ಅನ್ನಲು ಸಂಕೋಚ ಇದ್ದಾಗಲೂ ‘ನೋಡುವ’ ಎನ್ನುತ್ತೇವೆ. ಎದುರು ಕೂತವರಿಗೆ ಮುಖ ನೋಡಿ ಯಾವ ‘ನೋಡುವ’ ಎಂದು ತಿಳಿಯುತ್ತದೆ. ವಾಟ್ಸ್ಯಾಪಿನಲ್ಲಿ ಓದಿದವರಿಗೆ ತಿಳಿಯುವುದಿಲ್ಲ. ಒಬ್ಬರು ಒಪ್ಪಿಗೆ ಎಂದು, ಇನ್ನೊಬ್ಬರು ನಿರಾಕರಣೆ ಎಂದು ಹಿಡಿಯುತ್ತಾರೆ. ಆದ್ದರಿಂದ ಬರೆಯುವಾಗ ಏನನ್ನು ನೋಡುವುದು ಎಂದು ಸೇರಿಸಿ: ‘ಮಳೆ ನೋಡಿಕೊಂಡು’, ‘ಜನ ನೋಡಿಕೊಂಡು’, ‘ಲಾರಿ ಬಂದದ್ದು ನೋಡಿ’. ಕಾರಣ ಸೇರಿದ ಕೂಡಲೇ ಅದು ನಿರಾಕರಣೆ ಅಲ್ಲ ಎಂದು ಗೊತ್ತಾಗುತ್ತದೆ.

‘ನಮ್ಯತೆ’, ‘ಹೊಂದಿಕೊಳ್ಳುವಿಕೆ’ ಇವನ್ನು ಸುತ್ತೋಲೆಗಳಿಗೆ ಬಿಡಿ. ಜನ ಹೇಳುವುದು ‘ಹತ್ತು ನಿಮಿಷ ಆಚೀಚೆ’, ‘ಐವತ್ತು ಎಲೆ ಹೆಚ್ಚುಕಡಿಮೆ’. ಇವೆರಡರಲ್ಲೂ ಅಳತೆ ಮೊದಲೇ ಕೂತಿದೆ, ಅದೇ ಇವುಗಳ ಗುಣ.

ಕೇಟರಿಂಗ್‌ನವರಿಗೆ ಬರೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಡಿಲ ಮಾತು ಅತಿ ಹೆಚ್ಚು ಹಾಳುಮಾಡುವುದು ಅಲ್ಲಿ. ‘ವಿ ಆರ್ ಫ್ಲೆಕ್ಸಿಬಲ್ ಆನ್ ನಂಬರ್ಸ್, ಲೆಟ್ಸ್ ಪ್ಲೇ ಇಟ್ ಬೈ ಇಯರ್’ ಎಂದು ಬರೆದವರು ಉದಾರವಾಗಿ ಬರೆದೆವು ಎಂದುಕೊಂಡಿರುತ್ತಾರೆ. ಅಡಿಗೆಯವರಿಗೆ ಅದು ಕಷ್ಟ. ಅಡಿಗೆಯಲ್ಲಿ ಎಲ್ಲವೂ ಒಂದೇ ಥರ ಹಿಗ್ಗುವುದಿಲ್ಲ. ಸಾರು, ಸಾಂಬಾರು, ಮಜ್ಜಿಗೆ ಹತ್ತಿಪ್ಪತ್ತು ಜನ ಹೆಚ್ಚಾದರೆ ಹೊಂದಿಸಬಹುದು. ಅನ್ನ ಇನ್ನೊಂದು ಹಂಡೆ ಇಡಬಹುದು, ಆದರೆ ಅದಕ್ಕೆ ಹೊತ್ತು ಬೇಕು. ಹೋಳಿಗೆ, ಲಾಡು ಎಣಿಸಿ ಮಾಡಿದ್ದು, ಪಂಕ್ತಿಯ ನಡುವೆ ಹುಟ್ಟುವುದಿಲ್ಲ. ಬಾಳೆಲೆ, ತರಕಾರಿ ಮುಂಚೆಯೇ ತಂದಾಗಿರುತ್ತದೆ. ಆದ್ದರಿಂದ ಒಟ್ಟು ಊಟಕ್ಕೆ ಒಂದೇ ಸಡಿಲಿಕೆ ಬರೆಯದೆ, ಯಾವುದಕ್ಕೆ ಎಷ್ಟು ಎಂದು ಬರೆಯಬೇಕು. ಶನಿವಾರ ಮಧ್ಯಾಹ್ನದ ಊಟ ಎಂದಿಟ್ಟುಕೊಂಡರೆ ಹೀಗೆ:

‘ಊಟ 400 ಎಲೆಗೆ. 30 ಎಲೆ ಹೆಚ್ಚುಕಡಿಮೆ ಆಗಬಹುದು. ಕೊನೆಯ ಲೆಕ್ಕ ಗುರುವಾರ ಸಂಜೆ 5ರೊಳಗೆ ತಿಳಿಸುತ್ತೇವೆ. ತಿಳಿಸದಿದ್ದರೆ 400 ಎಂದೇ ಹಿಡಿದುಕೊಳ್ಳಿ. ಹೋಳಿಗೆ 450, ಇದರಲ್ಲಿ ಬದಲಾವಣೆ ಇಲ್ಲ. ಬಡಿಸುವುದು ಚಪ್ಪರದಲ್ಲಿ, ಪಂಕ್ತಿಗೆ 200 ಎಲೆ. ಮಳೆ ಇದ್ದರೆ ಒಳಗಿನ ಹಾಲ್‌ನಲ್ಲಿ, ಪಂಕ್ತಿಗೆ 120. ಎರಡರಲ್ಲಿ ಯಾವುದು ಎಂದು ಶನಿವಾರ ಬೆಳಿಗ್ಗೆ 8ಕ್ಕೆ ನಾವೇ ಫೋನ್ ಮಾಡಿ ಹೇಳುತ್ತೇವೆ.’

ಇಲ್ಲಿ ಅತಿ ಮುಖ್ಯವಾದ ಸಾಲು ‘ತಿಳಿಸದಿದ್ದರೆ 400 ಎಂದೇ ಹಿಡಿದುಕೊಳ್ಳಿ’ ಎಂಬುದು. ಗಡುವು ಹಾಕುವವರು ತುಂಬ ಜನ. ಗಡುವಿಗೆ ಯಾರೂ ಮಾತಾಡದಿದ್ದರೆ ಏನು ಎಂದು ಬರೆಯುವವರು ಕಡಿಮೆ. ಅದಿಲ್ಲದಿದ್ದರೆ ಗುರುವಾರ ಸಂಜೆ 6ಕ್ಕೆ ಅಡಿಗೆಯವರು ಕಾಯಬೇಕೋ, ತಾವೇ ಒಂದು ಲೆಕ್ಕ ಹಿಡಿಯಬೇಕೋ ತಿಳಿಯುವುದಿಲ್ಲ. 400 ಎಲೆಯಾದರೆ ಚಪ್ಪರಕ್ಕೆ ಎರಡು ಪಂಕ್ತಿ, ಹಾಲ್‌ಗೆ ನಾಲ್ಕು ಪಂಕ್ತಿ ಆಗುತ್ತದೆ, ಊಟ ಮುಗಿಯುವ ಹೊತ್ತೂ ಹೆಚ್ಚುಕಡಿಮೆ ಇಮ್ಮಡಿ. ಬಡಿಸುವವರನ್ನು ಎಷ್ಟು ಹೊತ್ತಿನ ಕೆಲಸಕ್ಕೆ ಗೊತ್ತುಮಾಡಬೇಕು ಎಂಬುದೂ ಇದರಿಂದಲೇ ತೀರ್ಮಾನ ಆಗುವುದರಿಂದ ಮಳೆಯ ಸಾಲನ್ನು ಬಿಡಬೇಡಿ. ಜೂನ್‌ನಲ್ಲಂತೂ ಹಾಲ್ ಎಂದೇ ಬರೆಯಿರಿ, ಚಪ್ಪರದ ಮಾತೇ ಬೇಡ.

ಮದುವೆ, ಉಪನಯನದ ಕಾಗದದಲ್ಲಿ ಮುಹೂರ್ತಕ್ಕೆ ಆಚೀಚೆ ಇಲ್ಲ, ಅದನ್ನು ಗಂಟೆ ನಿಮಿಷ ಸಹಿತ ಹಾಕುತ್ತೇವೆ. ಸಡಿಲ ಇರುವುದು ಊಟಕ್ಕೆ, ವಾಹನಕ್ಕೆ, ವಾಲಗದವರು ಬರುವ ಹೊತ್ತಿಗೆ. ಇವನ್ನು ಆಮಂತ್ರಣಕ್ಕೆ ತುರುಕದೆ ಆಯಾ ಜನರಿಗೆ ಬೇರೆ ಬೇರೆ ಮೆಸೇಜ್ ಮಾಡುವುದು ಒಳ್ಳೆಯದು.

ಬೈಕಂಪಾಡಿ ಗುಮಾಸ್ತ ಬರೆದದ್ದು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಖರೀದಿದಾರರಿಗೆ ಹೋಗುವುದನ್ನು ಹೀಗೆ ತಿದ್ದಿದ್ದೇನೆ, ನೋಡಿ ಹೇಳಿ:

‘ದಿ ಲಾಟ್ ವಿಲ್ ಬಿ ರೆಡಿ ಬಿಟ್ವೀನ್ 10 ಆಂಡ್ 20 ಜೂನ್. ವಿ ವಿಲ್ ಕನ್ಫರ್ಮ್ ದಿ ವೆಸೆಲ್ ಬೈ 5 ಜೂನ್.’

ಇನ್ನೊಂದು ಕೇಳುವುದು ಬಿಟ್ಟುಹೋಗಿತ್ತು. ವೇಳಾಪಟ್ಟಿಯಲ್ಲಿ ಟಿಬಿಡಿ, ಟಿಬಿಸಿ, ಟಿಬಿಎ, ಟೆಂಟೇಟಿವ್ ಎಲ್ಲವನ್ನೂ ಒಂದೇ ಅರ್ಥದಲ್ಲಿ ಹಾಕುತ್ತಾರೆ. ಅದು ಸರಿಯಾ?

ಕೊಡಿಯಾಲಬೈಲು ವ್ಯಾಕರಣ ಬರೆದದ್ದು:

ಒಂದೇ ಅಲ್ಲ. ಟಿಬಿಡಿ ಅಂದರೆ ತೀರ್ಮಾನವೇ ಆಗಿಲ್ಲ. ಟಿಬಿಸಿ ಅಂದರೆ ಒಂದು ದಿನ ಮನಸ್ಸಿನಲ್ಲಿದೆ, ಖಚಿತವಾಗಬೇಕು; ಆದ್ದರಿಂದ ಅದರ ಪಕ್ಕದಲ್ಲಿ ಆ ದಿನವನ್ನೂ ಬರೆಯುವುದು ವಾಡಿಕೆ, ‘12 ಜೂನ್, ಟಿಬಿಸಿ’ ಎಂದು. ಟಿಬಿಎ ಅಂದರೆ ಮುಂದೆ ಪ್ರಕಟಿಸುತ್ತೇವೆ. ಟೆಂಟೇಟಿವ್ ಎಂದರೆ ದಿನ ಕೊಟ್ಟಿದ್ದೇವೆ, ಆದರೆ ಬದಲಾಗಬಹುದು. ಓದುವವರು ಟಿಬಿಡಿ ನೋಡಿದರೆ ರೈಲು ಟಿಕೆಟ್ ಮಾಡಿಸುವುದಿಲ್ಲ, ‘12 ಜೂನ್, ಟಿಬಿಸಿ’ ನೋಡಿದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಅಷ್ಟು ವ್ಯತ್ಯಾಸ ಇದೆ.

ಪಣಂಬೂರು ದಾಖಲೆ ಬರೆದದ್ದು:

ನಿಮ್ಮ ತಿದ್ದಿದ ಸಾಲು ಮೊದಲಿನದಕ್ಕಿಂತ ಎಷ್ಟೋ ಒಳ್ಳೆಯದು, ಆದರೆ ‘ರೆಡಿ’ ತೆಗೆಯಿರಿ. ಮಾಲು ಗೋದಾಮಿನಲ್ಲಿ ತಯಾರಾದ ದಿನ ಬೇರೆ, ಹಡಗು ಹತ್ತಿದ ದಿನ ಬೇರೆ. ಹಡಗಿನಲ್ಲಿ ಹೋಗುವ ಮಾಲಿಗೆ ಬ್ಯಾಂಕು ನೋಡುವುದು ಬಿಲ್ ಆಫ್ ಲೇಡಿಂಗಿನಲ್ಲಿ (ಹಡಗಿನವರು ಮಾಲಿಗೆ ಕೊಡುವ ರಸೀದಿ ಪತ್ರ) ಇರುವ ಆನ್‌ಬೋರ್ಡ್ ದಿನಾಂಕ. ಎಲ್‌ಸಿಯಲ್ಲಿ ಲೇಟೆಸ್ಟ್ ಡೇಟ್ ಆಫ್ ಶಿಪ್‌ಮೆಂಟ್ 20 ಜೂನ್ ಅಂತಿದ್ದು ಮಾಲು 20ಕ್ಕೆ ‘ರೆಡಿ’ ಆದರೆ ತಡವಾಯಿತು ಅಂತಲೇ ಲೆಕ್ಕ. ‘ಶಿಪ್‌ಮೆಂಟ್ ಬಿಟ್ವೀನ್ 10 ಆಂಡ್ 20 ಜೂನ್’ ಅಂತ ಮಾಡಿ. ಕಾಗದಪತ್ರ ಬ್ಯಾಂಕಿಗೆ ಕೊಡಲಿಕ್ಕೆ ಶಿಪ್‌ಮೆಂಟಿನಿಂದ 21 ದಿನ, ಆದರೆ ಎಲ್‌ಸಿಯ ಅವಧಿ ಅದರೊಳಗೆ ಮುಗಿದರೆ ಅದೇ ಕೊನೆ. ಸಡಿಲ ಕೇಳುವಾಗ ಅವಧಿ ಮುಗಿಯುವ ಈ ದಿನಾಂಕವನ್ನೂ ಮುಂದೂಡಿಸಿಕೊಳ್ಳಬೇಕು.

‘ಬೈ 5 ಜೂನ್’ ಪಕ್ಕ ಗಂಟೆಯನ್ನೂ ‘ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್’ ಅಂತಲೂ ಹಾಕಿ. ಅಮೆರಿಕದ ಪೂರ್ವ ಕರಾವಳಿಯವರಿಗೆ ನಮ್ಮ 5ನೇ ತಾರೀಕು ಸಂಜೆ 6 ಅಂದರೆ ಜೂನ್‌ನಲ್ಲಿ ಬೆಳಿಗ್ಗೆ 8.30, ಅವರ ದಿನ ಆಗ ಶುರು ಆಗ್ತಿರ್ತದೆ. ಮತ್ತೆ, ಹಡಗಿನ ಹೆಸರು ಅಷ್ಟರೊಳಗೆ ಬರದಿದ್ದರೆ ಏನು ಅಂತ ರಥಬೀದಿಯವರು ಹೇಳಿದ ಹಾಗೆ ಒಂದು ಸಾಲು ಬೇಕು: ‘ಇಫ್ ನಾಟ್ ಕನ್ಫರ್ಮ್ಡ್ ಬೈ ದೆನ್, ದಿ ನೆಕ್ಸ್ಟ್ ವೆಸೆಲ್ ವಿದಿನ್ ದಿ ಸೇಮ್ ಡೇಟ್ಸ್ ವಿಲ್ ಅಪ್ಲೈ.’ ಆ ಅವಧಿಯೊಳಗೆ ಇನ್ನೊಂದು ಹಡಗು ಉಂಟಾ ಅಂತ ಫಾರ್ವರ್ಡರ್ (ಮಾಲು ಸಾಗಣೆಯ ಏಜೆಂಟ್) ಹತ್ತಿರ ಮೊದಲು ಕೇಳಿ, ಆಮೇಲೆ ಈ ಸಾಲು ಬರೆಯಿರಿ.